ಹುಲ್ಲುಗಾವಲಿನ ಗ್ಯಾಸ್ ಬಾವಿ

ಅಕ್ಟೋಬರ್ 3, ಗುರುವಾರ

ಸ್ಟ್ಯಾಕ್‌ಪೋಲ್ ಗುಡ್ಡದ ಮೇಲೆ ಆರು ಗ್ಯಾಸ್ ಬಾವಿ ಕೊರೆಯಲು ಅನುಮತಿ ಕೋರಿ ಟ್ರೈಫೋರ್ಕ್ ಕಂಪನಿ ಅರ್ಜಿ ಹಾಕಿದೆ. ರಾಜಧಾನಿಯ ಪರವಾನಗಿ ವಿಭಾಗದ ನೋರೀನ್ ಬೆಳಿಗ್ಗೆ ಫೋನು ಮಾಡಿ ತಿಳಿಸಿದರು. ಕೊರೆತ ಒಂದು ಮೈಲಿಗೂ ಹೆಚ್ಚು ಆಳಕ್ಕೆ ನೇರವಾಗಿ ಇಳಿದು, ಅಲ್ಲಿಂದ ಅಡ್ಡಕ್ಕೆ ತಿರುಗಿ ನಮ್ಮ ಕಣಿವೆಯ ಅಡಿಯಲ್ಲಿ ಹಾದುಹೋಗುತ್ತದೆ.

"ನಿಮ್ಮನೆ ಕೆಳಗೇ ಹೋಗತ್ತೆ ಡೆಲ್ಬರ್ಟ್. ಕಪಾಟಿನ ಕಪ್ಪು-ಸಾಸರು ಅಲ್ಲಾಡಿದ್ರೆ ನನ್ನ ಬೈಬೇಡಿ," ಎಂದರು.

ಜಿಲ್ಲೆಯ ಗ್ಯಾಸ್ ಬಾವಿಗಳ ಸರ್ಕಾರಿ ಇನ್ಸ್‌ಪೆಕ್ಟರ್ ಆಗಿ ನನ್ನ ಪಾಲಿನ ಕೆಲಸ ಇಷ್ಟೇ. ಕಂಪನಿಯವರ ಜೊತೆ ಸುತ್ತಮುತ್ತ ನಡೆದು ಹಳೆಯ ಬಾವಿಗಳನ್ನು ನೋಡಬೇಕು, ಯಾವುದೂ ಬಿಟ್ಟುಹೋಗಿಲ್ಲ ಎಂದು ಸಹಿ ಹಾಕಬೇಕು. ಹೊಸ ಬಾವಿಯಲ್ಲಿ ಬಂಡೆ ಒಡೆಯಲು ನೀರನ್ನು ಭಾರಿ ಒತ್ತಡದಲ್ಲಿ ನುಗ್ಗಿಸುತ್ತಾರೆ. ಹತ್ತಿರದಲ್ಲಿ ಸರಿಯಾಗಿ ಮುಚ್ಚದ ಹಳೇ ತೂತಿದ್ದರೆ ಉಪ್ಪುನೀರು, ಗ್ಯಾಸು ಅದರೊಳಗೆ ಮೇಲೇರಿ ಕುಡಿಯುವ ನೀರಿಗೆ ಸೇರುತ್ತದೆ. ಇಲ್ಲಿ ನೂರು ವರ್ಷದಿಂದ ಕೊರೆಯುತ್ತಲೇ ಇದ್ದಾರೆ. ಬತ್ತಿದ ಬಾವಿಗೆ ಹಳಬರು ಮರದ ಬೊಡ್ಡೆ ಬಡಿದು, ಮೇಲೆ ಮಣ್ಣು ಎಳೆದು ಹೋಗಿದ್ದಾರೆ. ಅಂಥವು ಸರ್ಕಾರದ ನಕ್ಷೆಯಲ್ಲಿ ಇಲ್ಲ.

ನಮ್ಮ ಹುಲ್ಲುಗಾವಲಿನ ಬಾವಿಯೂ ಇಲ್ಲ.

ಅದು ನನ್ನ ಹೆಂಡತಿ ಅರ್ಲೀನಳ ತಾತ ಕೊರೆಸಿದ್ದು. ಇನ್ನೂ ಬತ್ತಿಲ್ಲ. ಮನೆಯ ಒಲೆ, ಹೀಟರು, ಸ್ನಾನದ ನೀರು, ಅಂಗಳದ ದೀಪ ಎಲ್ಲವೂ ಅದರಿಂದಲೇ. ಈ ಕಣಿವೆಯ ಅರ್ಧ ಮನೆಗಳಿಗೆ ಕಂಪನಿ ಬಾವಿಗಳಿಂದ ಒಪ್ಪಂದದ ಪ್ರಕಾರ ಬಿಟ್ಟಿ ಗ್ಯಾಸ್ ಬರುತ್ತದೆ. ನಮ್ಮದೂ ಹಾಗೇ ಎಂದು ಹೊರಗಿನವರು ತಿಳಿದಿದ್ದಾರೆ. ನಾನು ತಿದ್ದಿಲ್ಲ.

ಅಕ್ಟೋಬರ್ 6, ಭಾನುವಾರ

ಈ ಸಲ ಮೊದಲ ಬಾರಿಗೆ ಇಬ್ಬನಿ ಹೆಪ್ಪುಗಟ್ಟಿದೆ. ಹೊರಗೆ ಹುಲ್ಲು ಬೆಳ್ಳಗಾಗಿದೆ. ಒಳಗೆ ಅಡುಗೆಮನೆಯ ಎರಡು ಕಿಟಕಿಯೂ ತೆರೆದಿವೆ. ಬಿಟ್ಟಿ ಗ್ಯಾಸಿನ ಮನೆಗಳಲ್ಲಿ ಹೀಗೇ. ಸೆಖೆಯಾದರೆ ಉರಿ ತಗ್ಗಿಸುವುದಿಲ್ಲ, ಕಿಟಕಿ ತೆರೆಯುತ್ತಾರೆ. ಮದುವೆಯಾದ ಹೊಸದರಲ್ಲಿ ನಾನು ಒಮ್ಮೆ ಹೀಟರು ತಗ್ಗಿಸಿದ್ದಕ್ಕೆ ಅತ್ತೆ, "ಅಳಿಯಂದಿರಿಗೆ ಜ್ವರವಾ?" ಎಂದು ಕೇಳಿದ್ದರು.

ಅರ್ಲೀನ್ ಚರ್ಚಿನಿಂದ ಬಂದವಳೇ ಪೆಪರೋನಿ ರೋಲು, ಅದೇ ಮಾಂಸ ತುಂಬಿದ ಬನ್ನು, ಬೇಯಿಸಲು ನಿಂತಳು.

"ಕಂಪನಿಯವರು ಸುತ್ತು ಹಾಕೋಕೆ ಯಾವತ್ತು ಬರ್ತಾರೆ?"

"ಬುಧವಾರ."

"ನಮ್ಮ ಹುಲ್ಲುಗಾವಲಿಗೂ ಬರ್ತಾರಾ?"

"ನಾನು ಕರ್ಕೊಂಡು ಹೋದ್ರೆ ಬರ್ತಾರೆ."

"ಹಂಗಾದ್ರೆ ಬರಲ್ಲ," ಎಂದು ಬಿಸಿ ರೋಲನ್ನು ನನ್ನ ತಟ್ಟೆಗೆ ಹಾಕಿದಳು.

ಅಕ್ಟೋಬರ್ 9, ಬುಧವಾರ

ಹೋಬಾರ್ಟ್ ಲೆಮ್ಲಿಯ ಕೊಟ್ಟಿಗೆ ಹಿಂದೆ ನಕ್ಷೆಯಲ್ಲಿಲ್ಲದ ಗ್ಯಾಸ್ ಬಾವಿ ಪತ್ತೆಯಾಗಿದೆ. ಪತ್ತೆ ಮಾಡಿದವನು ಕಂಪನಿಯ ಭೂವಿಜ್ಞಾನಿ ಕರ್ಬಿ ಲಾಂಟ್ಜ್. ನಾನು ಜೊತೆಯಲ್ಲಿದ್ದೆ.

ನಿನ್ನೆ ಮಳೆ ಬಂದಿತ್ತು. ಮಳೆಯ ಮಾರನೇ ದಿನವೇ ಹುಡುಕಲು ಹೋಗಬೇಕು ಎಂದು ಕರ್ಬಿಗೆ ಹೇಳಿಕೊಟ್ಟವನು ನಾನೇ. ನಿಂತ ನೀರಿನಲ್ಲಿ ಗುಳ್ಳೆ ಏಳುತ್ತವೆ, ಕೆಳಗೇನಿದೆ ಎಂದು ಗೊತ್ತಾಗುತ್ತದೆ. ಹೋಬಾರ್ಟನ ಗುಂಡಿಯಲ್ಲಿ ಗುಳ್ಳೆ ಒಂದರ ಹಿಂದೆ ಒಂದು ಬರುತ್ತಿದ್ದವು.

"ಇದೇನು ಮಿಸ್ಟರ್ ಲೆಮ್ಲಿ?" ಎಂದು ಕರ್ಬಿ ಕೇಳಿದ.

"ಕಪ್ಪೆ. ಪಾಪ, ಅಜೀರ್ಣ ಆಗಿದೆ ಅದಕ್ಕೆ," ಎಂದ ಹೋಬಾರ್ಟ್.

ಕರ್ಬಿ ಗ್ಯಾಸ್ ಪತ್ತೆಹಚ್ಚುವ ಮೀಟರು ಹಿಡಿದ. ಮೀಟರು ಕೂಗಿತು. ಕೊಟ್ಟಿಗೆಯ ಗೋಡೆಗಂಟಿದ ತಗಡು ಸರಿಸಿದರೆ ತುಕ್ಕು ಹಿಡಿದ ಪೈಪು, ಹಿತ್ತಾಳೆಯ ಕವಾಟ, ಅಲ್ಲಿಂದ ಮನೆಗೆ ಹೋಗುವ ಕೊಳವೆ. ಹೋಬಾರ್ಟ್ ಮತ್ತು ಅವನ ತಂಗಿ ವೆಸ್ಟಾ ಇಬ್ಬರೇ ಆ ಮನೆಯಲ್ಲಿರುವುದು. ಕಲ್ಲಿದ್ದಲ ಗಣಿಯಲ್ಲಿ ದುಡಿದು ಅವನ ಶ್ವಾಸಕೋಶ ಕೆಟ್ಟಿದೆ. ಕಟ್ಟಿಗೆ ಹೊಗೆ ಅವನಿಗೆ ಆಗದು ಎಂಬುದು ಕಣಿವೆಗೆಲ್ಲ ಗೊತ್ತು.

ನಿಯಮದ ಪ್ರಕಾರ ನೋಟಿಸು ಬರೆದೆ. ಈ ತಿಂಗಳ ಕೊನೆಗೆ ಕವಾಟ ಬಂದ್, ಆಮೇಲೆ ಕಂಪನಿಯ ಖರ್ಚಿನಲ್ಲಿ ಬಾವಿಗೆ ಸಿಮೆಂಟು. ಟ್ರಕ್ಕಿನ ಬಾನೆಟ್ ಮೇಲೆ ಕಾಗದ ಇಟ್ಟು ಬರೆಯುತ್ತಿದ್ದಾಗ ಹೋಬಾರ್ಟ್ ನನ್ನ ಭುಜದ ಹಿಂದೆ ನಿಂತಿದ್ದ. ಅವನ ಉಸಿರಿನ ಸೀಟಿ ಕೇಳಿಸುತ್ತಿತ್ತು.

"ಬರ್ಕೋ ಡೆಲ್ಬರ್ಟಾ. ಅಕ್ಷರ ಚೆಂದ ಇದೆ ನಿಂದು." ಆಮೇಲೆ ಕೇಳಿದ: "ಈ ಸಲ ಚಳಿ ಜಾಸ್ತಿಯಂತೆ. ನೀನು, ಅರ್ಲೀನು ಬೆಚ್ಚಗಿರ್ತೀರಲ್ಲ?"

ಅವನ ಅಪ್ಪ ಮತ್ತು ಅರ್ಲೀನಳ ತಾತ ಒಂದೇ ಮರದ ಅಟ್ಟಣೆಯಿಂದ, ಒಂದೇ ಬೇಸಿಗೆಯಲ್ಲಿ ಎರಡೂ ಬಾವಿ ಕೊರೆದಿದ್ದರು. ಇದನ್ನು ಅವನು ಹೇಳಲಿಲ್ಲ. ಹೇಳಬಹುದಿತ್ತು. ಕರ್ಬಿ ಅಲ್ಲೇ ಇದ್ದ.

"ಇರ್ತೀವಿ," ಎಂದೆ.

ಟ್ರಕ್ಕು ಹತ್ತಿದ ಮೇಲೆ ಕರ್ಬಿ, "ಒಳ್ಳೇ ಮನುಷ್ಯ ಸಾರ್. ನೋಟಿಸು ಕೊಟ್ರೂ ನಿಮ್ಮ ಯೋಗಕ್ಷೇಮ ಕೇಳ್ತಾರೆ," ಎಂದ.

ಮಧ್ಯಾಹ್ನ ನಮ್ಮ ಮನೆಯ ದಾರಿಗೆ ಬಂದೆವು. ಕರ್ಬಿ ನಕ್ಷೆ ಬಿಚ್ಚಿದ. "ಈ ಹುಲ್ಲುಗಾವಲು ಉಳೀತಲ್ಲ?"

"ಅದು ನಮ್ಮದೇ. ಅಲ್ಲೇನಿಲ್ಲ."

"ನೀವೇ ಹೇಳಿದ ಮೇಲೆ ಇನ್ನೇನು ಸಾರ್," ಎಂದು ಅವನು ಆ ಚೌಕದ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿದ. ನಮ್ಮ ಅಂಗಳದ ದೀಪ ಹಗಲಿನಲ್ಲೇ ಉರಿಯುತ್ತಿತ್ತು. ಅವನು ಅದನ್ನೂ ನೋಡಿದ, ಚೆನ್ನಾಗಿದೆ ಎಂದ.

ಅಕ್ಟೋಬರ್ 10, ಗುರುವಾರ

ತಲೆನೋವು. ಹೀಟರನ್ನು ಎರಡು ಗೆರೆ ತಗ್ಗಿಸಿದೆ.

ಅಕ್ಟೋಬರ್ 11, ಶುಕ್ರವಾರ

ಸಹಿ ಹಾಕಿ ಕಳಿಸಿದೆ.

ಅಕ್ಟೋಬರ್ 19, ಶನಿವಾರ

ಮುಂದಿನ ಕೋಣೆಯ ಹಳೇ ಕಟ್ಟಿಗೆ ಒಲೆಯ ಹೊಗೆಗೂಡು ಕ್ಲೀನು ಮಾಡಿಸಿದೆ. ಅರ್ಲೀನಳ ಅಜ್ಜಿ ಸತ್ತ ಮೇಲೆ ಅದನ್ನು ಯಾರೂ ಹಚ್ಚಿರಲಿಲ್ಲ. ಒಳಗೆ ಹಕ್ಕಿಗೂಡುಗಳಿದ್ದವು ಎಂದು ಕೆಲಸದವನು ಹೇಳಿದ. ಹಾಗೇ ಬಿಟ್ಟರೆ ಮುಂದೊಂದು ದಿನ ಬೆಂಕಿ ಅಪಾಯ, ಅದಕ್ಕೆ ಮಾಡಿಸಿದ್ದು.

ಸಂಜೆ ಬಿದ್ದ ಓಕ್ ಮರವನ್ನು ಸೀಳಿದೆ. ಕಚೇರಿಯಲ್ಲಿ ಕೂತು ಕೂತು ಬೆನ್ನು ಹಿಡಿದಿದೆ, ವ್ಯಾಯಾಮವಾಯಿತು.

ಅಕ್ಟೋಬರ್ 26, ಶನಿವಾರ

ಚರ್ಚಿನ ಹಳೇ ಸಾಮಾನಿನ ಮಾರಾಟದಲ್ಲಿ ಒಂದು ಕರೆಂಟಿನ ಒಲೆ ಇತ್ತು. ಒಳ್ಳೆಯ ಸ್ಥಿತಿಯಲ್ಲಿತ್ತು, ಬಿಡಲು ಮನಸ್ಸಾಗಲಿಲ್ಲ. ಕೊಟ್ಟಿಗೆಯಲ್ಲಿ ಇಟ್ಟಿದ್ದೇನೆ.

ಅರ್ಲೀನ್ ಅದರ ಸುತ್ತ ಒಂದು ಸುತ್ತು ಬಂದಳು. "ಇದ್ಯಾರಿಗೆ?"

"ಯಾರಿಗಾದ್ರೂ ಬೇಕಾಗತ್ತೆ."

"ಯಾರಿಗಾದ್ರೂ," ಎಂದಳು. "ಕಿಟಕಿ ಯಾಕೆ ಮುಚ್ಚಿದೀಯ? ಮೂರು ದಿನದಿಂದ ನೋಡ್ತಿದೀನಿ. ಸ್ವೆಟರು ಹಾಕ್ಕೊಂಡು ಊಟಕ್ಕೆ ಕೂರ್ತೀಯ. ನಮ್ಮಮ್ಮ ಇದ್ದಿದ್ರೆ ಡಾಕ್ಟರನ್ನ ಕರೆಸ್ತಿದ್ರು."

ಅವಳು ಯಾವುದಕ್ಕೆ ಹೀಗೆ ಹೇಳುತ್ತಾಳೆ ಎಂದು ಅರ್ಥವಾಗಲಿಲ್ಲ. ಚಳಿಯಿತ್ತು, ಕಿಟಕಿ ಮುಚ್ಚಿದೆ.

ಅಕ್ಟೋಬರ್ 31, ಗುರುವಾರ

ಲೆಮ್ಲಿ ಬಾವಿಯ ಕವಾಟ ಬಂದ್ ಆಗಿದೆ. ಬಂದ್ ಮಾಡಿದವನು ನಾನು.

ಕವಾಟ ತಿರುಗಿಸಿ, ತಂತಿ ಸುತ್ತಿ, ಸೀಸದ ಮುದ್ರೆ ಒತ್ತಬೇಕು. ಚಳಿಗೆ ಬೆರಳು ಸೆಟೆದು ತಂತಿ ಎರಡು ಸಲ ಜಾರಿತು. ಹೋಬಾರ್ಟ್ ಕೈಗವಸು ಬಿಚ್ಚಿ ನನ್ನ ಕಡೆ ಚಾಚಿದ.

"ಹಾಕ್ಕೋ. ಮುದ್ರೆ ಭದ್ರವಾಗಿ ಒತ್ತು. ಆಮೇಲೆ ನಿನ್ನ ಕಡೆ ಯಾರೂ ಬೆರಳು ತೋರಿಸಬಾರ್ದು."

ತೆಗೆದುಕೊಳ್ಳಲಿಲ್ಲ. ಕಿಟಕಿಯಲ್ಲಿ ವೆಸ್ಟಾ ನಿಂತಿದ್ದಳು, ಮನೆಯೊಳಗೇ ಕೋಟು ತೊಟ್ಟಿದ್ದಳು. ಅವರ ಮನೆಯಲ್ಲಿ ಈಗ ಎರಡು ಸಣ್ಣ ಕರೆಂಟಿನ ಹೀಟರು ಇವೆಯಂತೆ. ಎರಡನ್ನೂ ಒಟ್ಟಿಗೆ ಹಾಕಿದರೆ ಫ್ಯೂಸು ಹೋಗುತ್ತದಂತೆ. ಹೋಬಾರ್ಟನ ಕೋಣೆಗೆ ಒಂದನ್ನು ಇಟ್ಟು ಅವಳು ಅಡುಗೆಮನೆಯಲ್ಲಿ ಕೋಟು ಹಾಕಿಕೊಳ್ಳುತ್ತಾಳೆ. ಇದನ್ನು ಹೇಳಿದವಳು ಅಂಚೆ ಹಂಚುವಾಕೆ. ನಾನು ಕೇಳಿರಲಿಲ್ಲ.

ಇವತ್ತು ಹ್ಯಾಲೋವೀನ್ ಹಬ್ಬ, ಮಕ್ಕಳು ವೇಷ ಹಾಕಿಕೊಂಡು ಸಿಹಿ ಕೇಳಲು ಬಂದರು. ನಮ್ಮ ಮನೆಗೆ ಮೊದಲು ಬರುತ್ತಾರೆ, ಅಂಗಳದಲ್ಲಿ ಬೆಳಕಿರುತ್ತದೆ ಎಂದು. ನಾನು ಒಳಗೇ ಇದ್ದೆ, ಅರ್ಲೀನ್ ಕೊಟ್ಟಳು.

ನವೆಂಬರ್ 5, ಮಂಗಳವಾರ

ಟ್ರೈಫೋರ್ಕ್ ಅರ್ಜಿಯ ಮೇಲೆ ಸಾರ್ವಜನಿಕ ಸಭೆ ನಡೆಯಿತು. ಅಗ್ನಿಶಾಮಕದವರ ಸಭಾಂಗಣ ತುಂಬಿತ್ತು. ನೋರೀನ್ ರಾಜಧಾನಿಯಿಂದ ಬಂದು ನಡೆಸಿಕೊಟ್ಟರು. ಹೆಚ್ಚಿನವರು ಲಾರಿ ಓಡಾಟ, ರಸ್ತೆ, ಧೂಳು ಎಂದು ಕೇಳಿದರು. ಕಂಪನಿಯಿಂದ ಜಮೀನಿನ ಗೇಣಿ ಹಣ ಬರುವವರು ಏನೂ ಕೇಳದೆ ಕೂತಿದ್ದರು.

ಕೊನೆಯಲ್ಲಿ ವೆಸ್ಟಾ ಲೆಮ್ಲಿ ಎದ್ದಳು. ಮೈಕು ಬೇಡವೆಂದಳು.

"ನಂದು ಒಂದೇ ಪ್ರಶ್ನೆ. ಹಳೇ ಬಾವಿ ಎಲ್ಲಾನೂ ನೋಡಿದೀರಾ? ನಮ್ಮದನ್ನ ನೋಡಿದ್ರಿ, ಸಂತೋಷ. ಎಲ್ಲರದ್ದೂ ನೋಡಿದ್ರಾ?"

ನೋರೀನ್ ನನ್ನ ಕಡೆ ತಿರುಗಿದರು. "ಇದನ್ನ ಇನ್ಸ್‌ಪೆಕ್ಟರ್ ಹೇಳ್ತಾರೆ."

ನಾನು ಎದ್ದು ನಿಂತೆ. "ನಕ್ಷೆಯಲ್ಲಿರುವ ಪ್ರತಿಯೊಂದು ಬಾವಿಯನ್ನೂ ಖುದ್ದಾಗಿ ನೋಡಿದ್ದೇನೆ, ಮೇಡಂ," ಎಂದೆ.

ವಾಕ್ಯದಲ್ಲಿ ಸುಳ್ಳಿಲ್ಲ. ಕಾಗದದ ಮೇಲೆ ಬರೆದು ನೋಡಿದರೂ ಸುಳ್ಳು ಸಿಗುವುದಿಲ್ಲ. ವೆಸ್ಟಾ ನನ್ನನ್ನು ಸ್ವಲ್ಪ ಹೊತ್ತು ನೋಡಿ, "ಸರಿ," ಎಂದು ಕೂತಳು. ಅರ್ಲೀನ್ ಎರಡು ಸಾಲು ಹಿಂದೆ ಇದ್ದಳು. ಅವಳು ತನ್ನ ಕೈಚೀಲದಲ್ಲಿ ಏನೋ ಹುಡುಕುತ್ತಿದ್ದಳು.

ಹೊರಗೆ ಹೋಗುವಾಗ ಹೋಬಾರ್ಟ್ ಬಾಗಿಲಲ್ಲಿ ಉಸಿರಾಡಲು ನಿಂತಿದ್ದ. "ಒಳ್ಳೇ ಉತ್ತರ ಕಣೋ," ಎಂದ. ಕೋಪವಿರಲಿಲ್ಲ. ಶಾಲೆಯಲ್ಲಿ ಲೆಕ್ಕ ಸರಿಯಾಗಿ ಬಿಡಿಸಿದ ಹುಡುಗನಿಗೆ ಹೇಳುವ ಹಾಗೆ ಹೇಳಿದ.

ನವೆಂಬರ್ 7, ಗುರುವಾರ

ಅರ್ಲೀನ್ ಲೆಮ್ಲಿಯವರಿಗೆ ಹುರುಳಿಕಾಯಿ, ಹಂದಿಮಾಂಸ ಹಾಕಿ ಬೇಯಿಸಿ ಮುಚ್ಚಳದ ಪಾತ್ರೆಯಲ್ಲಿ ಕೊಟ್ಟುಬಂದಳು. ಪಾಪ, ಅಡುಗೆ ಮಾಡಲು ಕಷ್ಟವಾಗಿರುತ್ತದೆ ಎಂದಳು. ಬಾವಿಯ ವಿಷಯ ಎತ್ತಲಿಲ್ಲ.

ನವೆಂಬರ್ 10, ಭಾನುವಾರ

ಪಾತ್ರೆ ಖಾಲಿ ಬಂತು.

ವೆಸ್ಟಾ ಚರ್ಚಿನ ಮೆಟ್ಟಿಲ ಮೇಲೆ ಅರ್ಲೀನಳ ಕೈಗೆ ಕೊಟ್ಟಳು. ಥ್ಯಾಂಕ್ಸ್ ಎಂದಳು, ನಕ್ಕಳು, ಹೋದಳು. ಮನೆಗೆ ಬಂದು ಅರ್ಲೀನ್ ಮುಚ್ಚಳ ತೆಗೆದಳು. ತೊಳೆದು ಒರೆಸಿದ ಪಾತ್ರೆ. ಒಳಗೆ ಒಂದು ಬಿಸ್ಕತ್ತಿಲ್ಲ, ಒಂದು ಸೇಬಿಲ್ಲ. ಈ ಕಣಿವೆಯಲ್ಲಿ ಯಾರ ಪಾತ್ರೆಯನ್ನೂ ಯಾರೂ ಹಾಗೆ ಹಿಂದಿರುಗಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಅಕ್ರೋಟವಾದರೂ ಹಾಕುತ್ತಾರೆ.

ಅರ್ಲೀನ್ ಪಾತ್ರೆಯನ್ನು ಮೇಜಿನ ಮೇಲಿಟ್ಟು ಅದರ ಮುಂದೆ ಕೂತಳು.

"ಅವಳ ಹತ್ರ ಏನೂ ಇರಲಿಲ್ಲವೇನೋ," ಎಂದೆ.

"ಅವಳ ಮನೆ ಹಿಂದೆ ಸೇಬಿನ ಮರ ಇದೆ ಡೆಲ್ಬರ್ಟ್. ಹಣ್ಣು ನೆಲಕ್ಕೆ ಬಿದ್ದು ಕೊಳೀತಾ ಇದೆ." ಪಾತ್ರೆಯ ಅಂಚನ್ನು ಬೆರಳಿನಿಂದ ಸವರಿದಳು. "ನಾನೂ ಅವಳೂ ಸ್ಕೂಲಲ್ಲಿ ಒಂದೇ ಬೆಂಚಲ್ಲಿ ಕೂತೋರು. ಅವಳ ಮದುವೆ ಮುರಿದಾಗ ನಮ್ಮನೇಲಿ ತಿಂಗಳು ಇದ್ಲು. ಈ ಅಡುಗೆಮನೇಲಿ. ಆ ಬಾವಿ ಯಾವುದು, ಪೈಪು ಎಲ್ಲಿಂದ ಬರತ್ತೆ, ಎಲ್ಲಾ ಗೊತ್ತು ಅವಳಿಗೆ."

ನಾನು ಪಾತ್ರೆಗೆ ಮುಚ್ಚಳ ಹಾಕಿದೆ.

"ಬಾವಿ ವಿಷಯ ಬರೆದುಕೊಡು ಅಂತ ನಾನು ಹೇಳಲ್ಲ," ಎಂದಳು. "ಅದು ನಮ್ಮ ತಾತನ ಬಾವಿ. ನನ್ನ ಬಾಯಲ್ಲಿ ಆ ಮಾತು ಬರಲ್ಲ. ಬೇಡ ಅಂತಾನೂ ಇನ್ನು ಹೇಳಲ್ಲ."

ನವೆಂಬರ್ 12, ಮಂಗಳವಾರ

ನೋರೀನ್‌ಗೆ ಫೋನು ಮಾಡಿದೆ. ಪರವಾನಗಿ ಈ ವಾರವೇ ಹೊರಡುತ್ತದೆ, ಸಹಿಗೆ ಮೇಜಿನ ಮೇಲಿದೆ ಎಂದರು.

"ಇನ್ನೊಂದು ಇದೆ," ಎಂದೆ.

"ಇನ್ನೊಂದು ಏನು?"

"ಹಳೇ ಬಾವಿ. ಅಡ್ಡ ಕೊರೆತಕ್ಕೆ ತೀರಾ ಹತ್ತಿರ. ಮುಚ್ಚಿಲ್ಲ. ಗ್ಯಾಸ್ ಬರ್ತಾ ಇದೆ."

"ಯಾರ ಜಾಗ?"

"ನನ್ನ ಹೆಂಡತಿದು."

ಆಚೆ ಕಡೆ ಟೈಪು ಮಾಡುವ ಸದ್ದು ನಿಂತಿತು.

"ನೋಡಿ ಡೆಲ್ಬರ್ಟ್," ಎಂದರು, ದನಿ ಇಳಿಸಿ. "ಎಲೆ ಉದುರಿದ ಮೇಲೆ ಇಂಥವು ಕಣ್ಣಿಗೆ ಬೀಳ್ತವೆ. ಪ್ರತಿ ನವೆಂಬರಲ್ಲೂ ನನ್ನ ಹತ್ರ ಇಂಥ ವರದಿ ಬರ್ತವೆ. 'ಎಲೆ ಉದುರಿದ ನಂತರ ಪತ್ತೆ' ಅಂತ ಒಂದು ಸಾಲು ಬರೀರಿ. ಯಾರೂ ಎರಡನೇ ಸಲ ಓದಲ್ಲ. ಬಾವಿ ಮುಚ್ಚಬೇಕು ತಾನೇ? ಮುಚ್ಚತ್ತೆ."

"ಅದು ಹುಲ್ಲುಗಾವಲು. ಅಲ್ಲಿ ಮರ ಇಲ್ಲ."

"ಡೆಲ್ಬರ್ಟ್. ನಿಮ್ಮ ಪಿಂಚಣಿಗೆ ಎಷ್ಟು ವರ್ಷ ಇದೆ?"

ಹೇಳಿದೆ.

"ಹಂಗಾದ್ರೆ ಅಲ್ಲಿ ಮರ ಇದೆ ಅಂದ್ಕೊಳ್ಳಿ," ಎಂದರು. "ನಾಳೆ ಮಧ್ಯಾಹ್ನದ ತನಕ ಕಾಯ್ತೀನಿ."

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಬಾವಿ ಮುಚ್ಚುತ್ತದೆ, ನೀರು ಕೆಡುವುದಿಲ್ಲ, ಯಾರಿಗೂ ನಷ್ಟವಿಲ್ಲ. ಇಡೀ ಸಂಜೆ ಇದರಲ್ಲಿ ತಪ್ಪು ಹುಡುಕಿದೆ. ಸಿಕ್ಕಿದ್ದು ಒಂದೇ: ಹೋಬಾರ್ಟನಿಗೆ ಎಲೆ ಉದುರುವ ತನಕ ಯಾರೂ ಸಮಯ ಕೊಟ್ಟಿರಲಿಲ್ಲ.

ನವೆಂಬರ್ 13, ಬುಧವಾರ

ಮೊದಲು ನೋರೀನ್ ಹೇಳಿದ ಹಾಗೇ ಬರೆದೆ. ಚೆನ್ನಾಗಿ ಬಂದಿತ್ತು. ಇಪ್ಪತ್ತು ವರ್ಷ ಇಂಥ ವಾಕ್ಯಗಳನ್ನು ಬರೆದಿದ್ದೇನೆ, ಕೈ ತಾನಾಗಿ ಓಡುತ್ತದೆ. ಓದಿದಾಗ ನನಗೇ ನಂಬಿಕೆ ಬಂತು. ಹರಿದು ಹಾಕಿದೆ.

ಎರಡನೆಯದು ಚಿಕ್ಕದಾಗಿತ್ತು. ಬಾವಿ ಇರುವುದು ನನಗೆ ಮದುವೆಯಾದಾಗಿನಿಂದ ಗೊತ್ತಿತ್ತು. ಅಕ್ಟೋಬರ್ ಒಂಬತ್ತರಂದು ಕಂಪನಿಯ ಪ್ರತಿನಿಧಿಗೆ ಅಲ್ಲಿ ಏನೂ ಇಲ್ಲವೆಂದು ಹೇಳಿದೆ. ಹನ್ನೊಂದರಂದು ಗೊತ್ತಿದ್ದೂ ಸಹಿ ಹಾಕಿದೆ.

ಅರ್ಲೀನ್ ಓದಲು ಕೇಳಿದಳು, ಕೊಟ್ಟೆ.

"ನನಗೂ ಗೊತ್ತಿತ್ತು ಅಂತ ಸೇರಿಸು."

"ಸಹಿ ಹಾಕಿದ್ದು ನಾನು."

"ಅವರು ಹುಲ್ಲುಗಾವಲಿಗೆ ಬರಲ್ಲ ಅಂದೋಳು ಯಾರು?"

ಸೇರಿಸಲಿಲ್ಲ. ಅವಳು ಅದಕ್ಕೆ ಮಧ್ಯಾಹ್ನದವರೆಗೆ ನನ್ನ ಜೊತೆ ಮಾತು ಬಿಟ್ಟಳು. ಹನ್ನೊಂದಕ್ಕೆ ಕಳಿಸಿದೆ. ನೋರೀನ್ ತಲುಪಿದೆ ಎಂದಷ್ಟೇ ಉತ್ತರ ಕಳಿಸಿದರು. ಕರ್ಬಿಗೆ ನಾನೇ ಫೋನು ಮಾಡಿ ಹೇಳಿದೆ. ಅವನು, "ನಾನು ನಕ್ಷೇಲಿ ಗುರುತು ಹಾಕಿಬಿಟ್ಟಿದ್ದೆ ಸಾರ್," ಎಂದ. ತನ್ನದೇ ತಪ್ಪು ಎನ್ನುವಂತೆ ಹೇಳಿದ. ಈ ತಿಂಗಳಲ್ಲಿ ಕೇಳಿದ ಮಾತುಗಳಲ್ಲಿ ಇದೊಂದನ್ನು ನುಂಗಲಾಗಲಿಲ್ಲ.

ನವೆಂಬರ್ 14, ಗುರುವಾರ

ಕೊಟ್ಟಿಗೆಯಲ್ಲಿದ್ದ ಕರೆಂಟಿನ ಒಲೆಯನ್ನು ಟ್ರಕ್ಕಿಗೆ ಹಾಕಿಕೊಂಡು ಲೆಮ್ಲಿ ಮನೆಗೆ ಹೋದೆ. ಹೋಬಾರ್ಟ್ ಬಾಗಿಲು ತೆರೆದ. ಮೂಗಿಗೆ ಆಮ್ಲಜನಕದ ಕೊಳವೆ ಹಾಕಿಕೊಂಡಿದ್ದ. ಹೋದ ತಿಂಗಳು ಅದಿರಲಿಲ್ಲ.

"ನಮ್ಮ ಬಾವಿ ವಿಷಯ ಬರೆದುಕೊಟ್ಟೆ," ಎಂದೆ. "ಅದನ್ನೂ ಮುಚ್ತಾರೆ."

ಅವನು ತಲೆಯಾಡಿಸಿದ. "ಕೇಳಿದೆ. ಅಂಚೆಯವಳು ಹೇಳಿದ್ಲು."

"ಮೊದಲೇ ಬರೀಬೇಕಿತ್ತು."

"ಡೆಲ್ಬರ್ಟಾ," ಎಂದ, ಉಸಿರು ಎಳೆದುಕೊಂಡು. "ನಿಂದೂ ಹೋಯ್ತು ಅಂದ್ರೆ ನಂಗೆ ಬೆಚ್ಚಗಾಗತ್ತಾ?"

ಉತ್ತರಕ್ಕೆ ಕಾಯದೆ ಅವನು ಟ್ರಕ್ಕಿನ ಕಡೆ ನೋಡಿದ.

"ಅದೇನು?"

"ಒಲೆ."

"ವೈರು ತಡೆಯಲ್ಲ ಇಲ್ಲಿ. ಹೀಟರಿಗೇ ಫ್ಯೂಸು ಹೋಗ್ತದೆ. ವಾಪಸು ತಗೊಂಡು ಹೋಗು."

"ವೈರು ಹೊಸದು ಎಳೆಸ್ತೀನಿ."

"ನೀನು ಎಳೆಸ್ತೀಯ," ಎಂದ. ಪ್ರಶ್ನೆಯಾಗಿ ಕೇಳಲಿಲ್ಲ, ಹೌದೆಂದೂ ಹೇಳಲಿಲ್ಲ. ಒಳಗಿನಿಂದ ವೆಸ್ಟಾ ಕೂಗಿದಳು: "ಯಾರೇ ಆಗ್ಲಿ, ಒಳಗೋ ಹೊರಗೋ ಒಂದು ಕಡೆ ಇರಿ. ಬಾಗಿಲು ಹಾಕಿ, ಚಳಿ ನುಗ್ತಿದೆ."

ನಾನು ಹೊರಗಿದ್ದೆ. ಬಾಗಿಲು ಹಾಕಿಕೊಂಡಿತು.

ಸಂಜೆ ಪಟ್ಟಣದ ವೈರಿಂಗಿನವನಿಗೆ ಫೋನು ಮಾಡಿದೆ. ಲೆಮ್ಲಿಯವರು ಒಪ್ಪಿದ್ದಾರಾ ಎಂದು ಕೇಳಿದ. ಕೇಳಿ ಹೇಳುತ್ತೇನೆ ಎಂದೆ.

ನವೆಂಬರ್ 15, ಶುಕ್ರವಾರ

ಟ್ರೈಫೋರ್ಕ್ ಅರ್ಜಿಯನ್ನು ತಡೆಹಿಡಿಯಲಾಗಿದೆ, ನನ್ನನ್ನು ಕ್ಷೇತ್ರದ ಕೆಲಸದಿಂದ ಬಿಡಿಸಲಾಗಿದೆ. ನೋರೀನ್ ಮಧ್ಯಾಹ್ನ ತಿಳಿಸಿದರು. ನಾನು ಸಹಿ ಹಾಕಿದ ಹಿಂದಿನ ಪರವಾನಗಿಗಳನ್ನೂ ಮತ್ತೆ ನೋಡುತ್ತಾರಂತೆ. ಅವುಗಳಲ್ಲಿ ಏನೂ ಸಿಗುವುದಿಲ್ಲ ಎಂದೆ. "ಇರಬಹುದು," ಎಂದರು. ಇಪ್ಪತ್ತು ವರ್ಷದಲ್ಲಿ ಅವರು ನನಗೆ ಹಾಗೆ ಉತ್ತರ ಕೊಟ್ಟಿದ್ದು ಇದೇ ಮೊದಲು. ಅವರು ಹಾಗೆ ಹೇಳಿದ್ದು ಸರಿಯೇ.

ಸಿಮೆಂಟು ತುಂಬುವ ಯಂತ್ರ ಸೋಮವಾರ ಲೆಮ್ಲಿ ಜಾಗಕ್ಕೆ, ಬುಧವಾರ ನಮ್ಮಲ್ಲಿಗೆ ಬರುತ್ತದೆ. ಸಾಕ್ಷಿಯಾಗಿ ಪಕ್ಕದ ಜಿಲ್ಲೆಯ ಇನ್ಸ್‌ಪೆಕ್ಟರ್ ನಿಲ್ಲುತ್ತಾರೆ. ನನ್ನ ವಿಚಾರಣೆ ಮುಂದಿನ ಶುಕ್ರವಾರ, ಇಪ್ಪತ್ತೆರಡರಂದು, ಬೆಳಿಗ್ಗೆ ಹತ್ತಕ್ಕೆ, ರಾಜಧಾನಿಯ ಕಚೇರಿಯ ಮೂರನೇ ಮಹಡಿಯಲ್ಲಿ.